ಇಲ್ಲೇ ಹೋಗಿ ಬರ್ತೀನಿ: ನಮ್ಮ ನಾಲ್ಕು ತಾಲ್ಲೂಕಿನ ಫಟ್‌ಫಟಿ ಚರಿತ್ರೆ

ನಮ್ಮ ಕಡೆಯ ಮೋಟರ್ ಸೈಕಲ್ಲಿನ ಚರಿತ್ರೆ ತಿಳಿಯಬೇಕು ಅಂದರೆ ಯಾವ ಮ್ಯೂಸಿಯಮ್ಮಿಗೂ ಹೋಗಬೇಕಾಗಿಲ್ಲ. ಕೊಪ್ಪಳದ ಅಶೋಕ ಸರ್ಕಲ್ಲಿನಲ್ಲಿ ಒಂದು ಕಪ್ ಚಹಾ ಹಿಡಿದುಕೊಂಡು ಹತ್ತು ನಿಮಿಷ ನಿಂತರೆ ಸಾಕು. ಒಬ್ಬ ಹಿಂದಿನ ಬ್ರೇಕನ್ನಷ್ಟೇ ತುಳಿಯುತ್ತಾನೆ, ಮುಂದಿನದರ ತಂಟೆಗೇ ಹೋಗುವುದಿಲ್ಲ. ಇನ್ನೊಬ್ಬ ಸ್ವಲ್ಪ ಇಳಿಜಾರು ಸಿಕ್ಕಿತೋ ಇಲ್ಲವೋ, ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕುತ್ತಾನೆ. ಮತ್ತೊಬ್ಬ ಎದುರಿಗೆ ಬರುವವನಿಗೆ ಕೈಬೆರಳು ಮುಚ್ಚಿ ತೆರೆದು "ಲೈಟ್ ಹತ್ತೇತಿ ನೋಡ್ರಿ" ಅಂತ ಸನ್ನೆ ಮಾಡುತ್ತಾನೆ. ನಾಲ್ಕನೆಯವನ ಹೆಲ್ಮೆಟ್ ಮೊಣಕೈಯಲ್ಲಿ ಬಳೆಯ ಹಾಗೆ ತೂಗಾಡುತ್ತಿರುತ್ತದೆ.

ಇವರನ್ನೆಲ್ಲ ಬೈಯುವುದು ಸುಲಭ. ನನಗೆ ಮಾತ್ರ ಬೇರೆಯದೇ ಅನ್ನಿಸುತ್ತದೆ. ಈ ಒಂದೊಂದು ಚಾಳಿಗೂ ಒಂದು ಕಾಲ ಇತ್ತು. ಆ ಕಾಲದ ಗಾಡಿಗೆ, ಆ ಕಾಲದ ರಸ್ತೆಗೆ ಅದು ಜಾಣತನವೇ ಆಗಿತ್ತು. ಆಮೇಲೆ ಗಾಡಿ ಬದಲಾಯಿತು, ರಸ್ತೆ ಬದಲಾಯಿತು, ಚಾಳಿ ಮಾತ್ರ ಅಪ್ಪನಿಂದ ಮಗನಿಗೆ, ಕಾಕಾನಿಂದ ಹುಡುಗನಿಗೆ ಹಾಗೇ ದಾಟಿ ಬಂತು. ಇವತ್ತು ನಮ್ಮ ರಸ್ತೆಗಳಲ್ಲಿ ಜನ ಸಾಯುತ್ತಿರುವುದರಲ್ಲಿ ಈ ಹಳೆಯ ಜಾಣತನದ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ. ಹೊಸದಾಗಿ ಗಾಡಿ ಹಿಡಿದ ನಮ್ಮ ಹುಡುಗ ಹುಡುಗಿಯರು ಇದನ್ನು ಓದಲಿ ಅಂತ ಆಸೆ. ಉಪದೇಶ ಕಡಿಮೆ, ಕಥೆ ಜಾಸ್ತಿ ಇಟ್ಟಿದ್ದೇನೆ, ಹೆದರಬೇಡಿ :)

ಮೊದಲು ಊರಿನ ವಿಷಯ

ನಾನು ಹೇಳುತ್ತಿರುವುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕು ತಾಲ್ಲೂಕುಗಳ ಬಗ್ಗೆ. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಪ್ರತ್ಯೇಕ ತಾಲ್ಲೂಕುಗಳಾದವು. 1948ರವರೆಗೆ ಇದು ನಿಜಾಮರ ಸೀಮೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ರಾಯಚೂರು ಜಿಲ್ಲೆಯ ಪಶ್ಚಿಮದ ಅಂಚು. 1997ರಲ್ಲಿ ಕೊಪ್ಪಳ ಜಿಲ್ಲೆ ಆಯಿತು. ಅದಕ್ಕೇ ನಮ್ಮ ಕಡೆ ಹಳೆಯ ಗಾಡಿ ಯಾವುದು ಅಂತ ಗುರುತಿಸುವುದು ಸುಲಭ. ನಂಬರ್ ಪ್ಲೇಟಿನ ಮೇಲೆ ಕೆಎ-36 ಅಂತ ಇದ್ದರೆ ಅದು ರಾಯಚೂರಿನ ಕಾಲದ್ದಿರಬಹುದು, ಕೆಎ-37 ಇದ್ದರೆ ಜಿಲ್ಲೆ ಹುಟ್ಟಿದ ಮೇಲಿನದು.

ಈ ಸೀಮೆಯಲ್ಲಿ ರೈಲು ಅಂದರೆ ಬಹಳ ಕಾಲ ಕೊಪ್ಪಳ ಮಾತ್ರ. ಹುಬ್ಬಳ್ಳಿ–ಗುಂತಕಲ್ ಮಾರ್ಗ ಬ್ರಿಟಿಷರ ಕಾಲದ್ದು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ. ತಾಲ್ಲೂಕು ಕೇಂದ್ರಗಳ ಕಥೆಯೇ ಹೀಗಾದರೆ ಒಳಹಳ್ಳಿಗಳದ್ದು ಕೇಳಬೇಕೇ? ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಸಂಜೆಯದು ತಪ್ಪಿದರೆ ನೆಂಟರ ಮನೆ. ಹಾಗಾಗಿ ನಮ್ಮಲ್ಲಿ ಬೈಕು ಶೋಕಿಗಾಗಿ ಬಂದದ್ದಲ್ಲ. ತಪ್ಪಿದ ಬಸ್ಸಿನ ಜಾಗಕ್ಕೆ ಬಂದದ್ದು.

ಇನ್ನೊಂದು ಕಾರಣ ನೀರು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹರಿದು ಗಂಗಾವತಿಯ ಕಡೆ ಭತ್ತ ಬೆಳೆಯತೊಡಗಿತು. ಆಂಧ್ರದ ಕಡೆಯಿಂದ ರೈತರು ಬಂದು ಕಾಲುವೆಯ ಬದಿಗೆ ಕ್ಯಾಂಪುಗಳನ್ನು ಕಟ್ಟಿಕೊಂಡರು. ಕ್ಯಾಂಪಿನಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿ ಗಿರಣಿಗೆ, ಅಲ್ಲಿಂದ ಬ್ಯಾಂಕಿಗೆ ತಿರುಗುವವರಿಗೆ ಗಾಡಿ ಬೇಕೇ ಬೇಕಾಯಿತು. ಯಲಬುರ್ಗಾ, ಕುಷ್ಟಗಿ ಕಡೆ ಮಳೆ ನಂಬಿದ ಸಜ್ಜೆ, ಜೋಳ, ಕಡಲೆ. ಅಲ್ಲಿ ರೊಕ್ಕ ಕೈಗೆ ಬರುವುದು ತಡ, ಗಾಡಿಯೂ ತಡವಾಗಿಯೇ ಬಂತು. ಒಂದೇ ಜಿಲ್ಲೆಯಾದರೂ ಮೋಟರ್ ಸೈಕಲ್ಲಿನ ಚರಿತ್ರೆ ಎರಡು ವೇಗದಲ್ಲಿ ನಡೆದಿದೆ.

ಮೈಸೂರಿನಿಂದ ಬಂದ ಫಟ್‌ಫಟಿ

ನಮ್ಮ ಹಿರಿಯರು ಮೋಟರ್ ಸೈಕಲ್ಲಿಗೆ 'ಫಟ್‌ಫಟಿ' ಅಂತಿದ್ದರು. ಆ ಹೆಸರಿಗೆ ಸರಿಯಾದ ಸದ್ದು ಮಾಡುತ್ತಿದ್ದ ಗಾಡಿ ನಮ್ಮ ರಾಜ್ಯದಲ್ಲೇ ತಯಾರಾಗುತ್ತಿತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯಾದ ತಂತ್ರಜ್ಞಾನದಲ್ಲಿ 250 ಸಿಸಿಯ ಜಾವಾ ಮಾಡಿತು. 1973ರಿಂದ ಅದೇ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಬೇರೆ ಕಂಪನಿಯವರು 2018ರಲ್ಲಿ ಜಾವಾವನ್ನು, 2022ರಲ್ಲಿ ಯೆಜ್ಡಿಯನ್ನು ಮತ್ತೆ ತಂದರು. ಆದರೆ ನಮ್ಮ ಹಳ್ಳಿಗಳಲ್ಲಿ ಯೆಜ್ಡಿ ಅಂದರೆ ಇವತ್ತಿಗೂ ಆ ಹಳೆಯದೇ.

ನನ್ನ ಸೋದರಮಾವನ ಹತ್ತಿರ ಒಂದಿತ್ತು. ಎರಡು ಸೈಲೆನ್ಸರ್. ಕಿಕ್ಕರೂ ಅದೇ, ಗೇರಿನ ಲಿವರೂ ಅದೇ. ಮುಂದಕ್ಕೆ ಮಡಚಿದರೆ ಗೇರು, ಮೇಲಕ್ಕೆತ್ತಿ ಹಿಂದಕ್ಕೆ ತುಳಿದರೆ ಕಿಕ್. ಹಳ್ಳಿಗೆ ಯಾರಾದರೂ ಹೊಸಬರು ಬಂದರೆ ಮಾವ ಇದನ್ನೊಂದು ಸಲ ತೋರಿಸದೆ ಬಿಡುತ್ತಿರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಿತ್ತು. ಎಣ್ಣೆ ಜಾಸ್ತಿಯಾದರೆ ಓಣಿ ತುಂಬ ಹೊಗೆ, ಕಡಿಮೆಯಾದರೆ ಇಂಜಿನ್ ಜಾಮ್.

ನ್ಯೂಟ್ರಲ್ ಚಾಳಿ ಹುಟ್ಟಿದ್ದು ಇಲ್ಲೇ. ಎರಡು ಸ್ಟ್ರೋಕಿನ ಈ ಗಾಡಿಗಳಲ್ಲಿ ಇಂಜಿನ್ನಿಗೆ ಬೇಕಾದ ಎಣ್ಣೆ ಹೋಗುತ್ತಿದ್ದದ್ದು ಪೆಟ್ರೋಲಿನ ಜೊತೆಯಲ್ಲೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲ್ ಹೋಗುವುದು ಕಡಿಮೆ, ಅದರ ಜೊತೆ ಎಣ್ಣೆಯೂ ಕಡಿಮೆ. ಉದ್ದನೆಯ ಇಳಿಜಾರಾದರೆ ಪಿಸ್ಟನ್ ಹಿಡಿದುಕೊಳ್ಳುವ ಭಯ. ಹಾಗಾಗಿ ಕ್ಲಚ್ ಹಿಡಿ, ಇಲ್ಲ ನ್ಯೂಟ್ರಲ್ ಮಾಡು ಅಂತ ಮಿಸ್ತ್ರಿಗಳೇ ಹೇಳಿಕೊಡುತ್ತಿದ್ದರು. ಪೆಟ್ರೋಲೂ ಉಳಿಯುತ್ತಿತ್ತು ಅನ್ನಿ.

ಈಗಿನ ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಎಣ್ಣೆ ಇಂಜಿನ್ನಿನ ಕೆಳಗೇ ಇರುತ್ತದೆ, ತನ್ನಷ್ಟಕ್ಕೆ ತಾನೇ ಸುತ್ತುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲೇ ಇದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿದ ಕೂಡಲೇ ಆ ಹಿಡಿತ ಹೋಯಿತು, ಎಲ್ಲ ಭಾರ ಬ್ರೇಕಿನ ಮೇಲೆ ಬಿತ್ತು. ಮಾವನಿಗೆ ಇಂಜಿನ್ ಉಳಿಸಿದ ಬುದ್ಧಿ ಇವತ್ತಿನ ಹುಡುಗನ ಜೀವ ತೆಗೆಯಬಹುದು.

ಆರು ವೋಲ್ಟಿನ ದೀಪ

ಹೆಡ್‌ಲೈಟಿನ ಕಥೆಯೂ ಹೀಗೇ. ಆ ಕಾಲದ ಬಹುತೇಕ ಗಾಡಿಗಳದ್ದು ಆರು ವೋಲ್ಟಿನ ವ್ಯವಸ್ಥೆ. ರಾತ್ರಿ ಹೊತ್ತು ಯೆಜ್ಡಿಯ ಬೆಳಕಿಗೂ ಕಂದೀಲಿನ ಬೆಳಕಿಗೂ ಬಹಳ ವ್ಯತ್ಯಾಸ ಇರುತ್ತಿರಲಿಲ್ಲ. ಬಲ್ಬು ಹೋದರೆ ಕೊಪ್ಪಳಕ್ಕೋ ಗಂಗಾವತಿಗೋ ಹೋಗಿ ತರಬೇಕು. ಬ್ಯಾಟರಿ ಅಂತೂ ಮನೆಯ ಹಿರಿಯರ ಹಾಗೆ, ಯಾವಾಗ ಮುನಿಸಿಕೊಳ್ಳುತ್ತದೋ ಗೊತ್ತಿಲ್ಲ. ಹಗಲಿನಲ್ಲಿ ಲೈಟು ಹತ್ತಿದ್ದರೆ ಅದು ದುಂದು. ಎದುರಿಗೆ ಬರುವವನ ಲೈಟು ಉರಿಯುತ್ತಿದ್ದರೆ ಕೈಸನ್ನೆ ಮಾಡಿ ತಿಳಿಸುವುದು ಮನುಷ್ಯತ್ವ.

2017ರ ಏಪ್ರಿಲ್ 1ರಿಂದ ತಯಾರಾದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಶುರುವಾದರೆ ಲೈಟು ತಾನಾಗಿಯೇ ಹತ್ತುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ದಾರಿ ನಮಗೆ ಕಾಣಲಿ ಅಂತ ಮಾಡಿದ ಏರ್ಪಾಡಲ್ಲ ಅದು, ನಾವು ಬೇರೆಯವರಿಗೆ ಕಾಣಲಿ ಅಂತ. ಎದುರಿನಿಂದ ಬರುವ ಲಾರಿ ಡ್ರೈವರಿಗೆ ಬೈಕು ಅಂದರೆ ಒಂದು ಗೆರೆ ಅಷ್ಟೇ. ಆ ಗೆರೆಯ ಮೇಲೆ ಒಂದು ಚುಕ್ಕಿ ಬೆಳಕಿದ್ದರೆ ಓವರ್‌ಟೇಕ್ ಮಾಡುವ ಮೊದಲು ಆತ ಎರಡನೇ ಸಲ ಯೋಚಿಸುತ್ತಾನೆ. ಇಷ್ಟು ವರ್ಷವಾದರೂ ನಮ್ಮ ರಸ್ತೆಗಳಲ್ಲಿ ಆ ಕೈಸನ್ನೆ ನಿಂತಿಲ್ಲ. ಗಾಡಿಗೆ ಸ್ವಿಚ್ಚಿಲ್ಲ, ನಮ್ಮ ಕೈಗೆ ಇನ್ನೂ ಇದೆ!

ಮಣ್ಣಿನ ರಸ್ತೆ ಕಲಿಸಿದ ಬ್ರೇಕು

"ಮುಂದಿನ ಬ್ರೇಕ್ ಹಿಡೀಬ್ಯಾಡಲೇ ತಮ್ಮಾ, ಪಲ್ಟಿ ಹೊಡೀತೈತಿ." ನಮ್ಮಲ್ಲಿ ಗಾಡಿ ಕಲಿತ ಪ್ರತಿಯೊಬ್ಬನೂ ಈ ಮಾತು ಕೇಳಿರುತ್ತಾನೆ. ಗಾಡಿ ಕಲಿಸುವ ಶಾಲೆ ಅಂದರೆ ಭಾನುವಾರದ ಖಾಲಿ ಸಂತೆ ಮೈದಾನ ಇಲ್ಲವೇ ಕೊಯ್ಲು ಮುಗಿದ ಹೊಲ. ಮೇಷ್ಟ್ರು ಅಂದರೆ ಅಣ್ಣ, ಕಾಕಾ, ಇಲ್ಲ ಒಂದು ತಿಂಗಳ ಹಿಂದೆ ತಾನೇ ಕಲಿತ ಗೆಳೆಯ.

ಅವರು ಹೇಳಿದ್ದು ಸುಳ್ಳಲ್ಲ. ಕೆಂಪು ಮಸಾರಿಯ ಗರಸಿನ ಮೇಲೆ, ಮಳೆ ಬಿದ್ದ ಎರೆ ಮಣ್ಣಿನ ಮೇಲೆ ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದರೆ ಮುಂದಿನ ಗಾಲಿ ಜಾರಿ ನೆಲ ಕಾಣಿಸುತ್ತದೆ. ನಮ್ಮ ಹಳ್ಳಿಯ ರಸ್ತೆಗಳು ಬಹಳ ಕಾಲ ಹಾಗೇ ಇದ್ದವು. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದ ಮೇಲೆ ಒಂದೊಂದಾಗಿ ಡಾಂಬರು ಕಂಡವು. ಡಾಂಬರು ಬಂದ ದಿನ ಬ್ರೇಕಿನ ಪಾಠವೂ ಬದಲಾಗಬೇಕಿತ್ತು. ಆಗಲಿಲ್ಲ.

ಬಸ್ಸಿನಲ್ಲಿ ನಿಂತು ಹೋಗುವಾಗ ಡ್ರೈವರ್ ಬ್ರೇಕ್ ಹಾಕಿದರೆ ನಾವೆಲ್ಲ ಮುಂದಕ್ಕೆ ವಾಲುತ್ತೇವಲ್ಲ? ಬೈಕಿನ ಭಾರವೂ ಹಾಗೇ ಮುಂದಿನ ಗಾಲಿಯ ಮೇಲೆ ಬೀಳುತ್ತದೆ. ಹಿಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಗೆ ಎಷ್ಟು ಬ್ರೇಕು ಹಾಕಿದರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಒಣಗಿದ ಡಾಂಬರಿನ ಮೇಲೆ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಇರುವುದು ಮುಂದಿನ ಬ್ರೇಕಿನಲ್ಲೇ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವಾಗ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟಿರುತ್ತೀರಿ. ಕುರಿ ಅಡ್ಡ ಬಂದದ್ದನ್ನು ನೋಡಿ ಬ್ರೇಕಿಗೆ ಕೈಕಾಲು ಹಾಕುವಷ್ಟರಲ್ಲಿ ಆ ಒಂದು ಸೆಕೆಂಡು ಮುಗಿದಿರುತ್ತದೆ. ಉಳಿದ ದೂರವನ್ನು ಹಿಂದಿನ ಬ್ರೇಕೊಂದರಿಂದಲೇ ಗೆಲ್ಲುತ್ತೇನೆ ಅನ್ನುವುದು ಎತ್ತಿನ ಬಾಲ ಹಿಡಿದು ಬಂಡಿ ನಿಲ್ಲಿಸಿದ ಹಾಗೆ.

ಈ ಚಾಳಿಯನ್ನು ಮನುಷ್ಯರಿಂದ ಬಿಡಿಸುವುದು ಕಷ್ಟ ಅಂತಲೋ ಏನೋ, ಸರ್ಕಾರ ಗಾಡಿಗೇ ಪಾಠ ಕಲಿಸಿತು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಸಿಬಿಎಸ್ ಅಥವಾ ಎಬಿಎಸ್ ಇರಲೇಬೇಕು, ಅದಕ್ಕಿಂತ ದೊಡ್ಡದಕ್ಕೆ ಎಬಿಎಸ್ಸೇ ಬೇಕು ಅಂತ ನಿಯಮ ಬಂತು. ಸಿಬಿಎಸ್ ಅಂದರೆ ಹಿಂದಿನ ಬ್ರೇಕು ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಎಬಿಎಸ್ ಅಂದರೆ ಎಷ್ಟೇ ಗಟ್ಟಿ ಹಿಡಿದರೂ ಗಾಲಿ ಪೂರ್ತಿ ಲಾಕ್ ಆಗಲು ಬಿಡುವುದಿಲ್ಲ. ಆದರೆ ನಮ್ಮ ಕಡೆ ಓಡಾಡುವ ಗಾಡಿಗಳಲ್ಲಿ ಅದಕ್ಕಿಂತ ಹಳೆಯವೂ ಬೇಕಾದಷ್ಟಿವೆ. ಹೊಸಬರಿಗೆ ನನ್ನ ಮಾತು ಇಷ್ಟೇ: ಖಾಲಿ ಡಾಂಬರು ರಸ್ತೆಯಲ್ಲಿ 20ರ ವೇಗದಲ್ಲಿ ಎರಡೂ ಬ್ರೇಕು ಒಟ್ಟಿಗೆ ಹಿಡಿದು ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಮುಂದಿನದನ್ನು ಗಬಕ್ಕನೆ ಎಳೆಯಬೇಡಿ, ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡಿ. ಮರಳು, ಕೆಸರು, ಒಕ್ಕಣೆಯ ಕಾಳು ಇರುವ ಕಡೆ ಕಾಕಾ ಹೇಳಿದ್ದನ್ನೇ ಕೇಳಿ, ಅದೂ ವೇಗ ಮೊದಲೇ ತಗ್ಗಿಸಿಕೊಂಡು.

ಎಲ್ಲರ ಮನೆಗೂ ಒಂದು ಗಾಡಿ

ಯೆಜ್ಡಿ, ರಾಜದೂತ್, ಎನ್‌ಫೀಲ್ಡ್ ಇದ್ದದ್ದು ಊರಿಗೆ ಒಂದೋ ಎರಡೋ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಬಂತು. ಆರ್‌ಎಕ್ಸ್ ಹುಡುಗರ ಎದೆಗೆ ಬಿತ್ತು, ಹೋಂಡಾ ಅಪ್ಪಂದಿರ ಜೇಬಿಗೆ ಹಿಡಿಸಿತು. ಎಣ್ಣೆ ಬೆರೆಸುವ ತಾಪತ್ರಯ ಇಲ್ಲ, ಲೀಟರಿಗೆ ಇಷ್ಟೊಂದು ಓಡುತ್ತದಾ ಅಂತ ಜನ ನಂಬಲಿಲ್ಲ. ಪೆಟ್ರೋಲ್ ತುಂಬಿಸು, ಮುಚ್ಚು, ಮರೆತುಬಿಡು ಅನ್ನುವುದು ಅದರ ಜಾಹೀರಾತಿನ ತಿರುಳು. ನಮ್ಮವರು ಪೆಟ್ರೋಲಿನ ಜೊತೆ ಚೈನು, ಟೈರು, ಬ್ರೇಕ್ ಲೈನರ್ ಎಲ್ಲವನ್ನೂ ಮರೆತರು ಅನ್ನುವುದು ಬೇರೆ ಮಾತು. 1994ರಲ್ಲಿ ಸ್ಪ್ಲೆಂಡರ್ ಬಂದ ಮೇಲೆ ಹೇಳುವುದೇ ಬೇಡ.

ಇನ್ನೊಂದು ಕಡೆ 1980ರಲ್ಲಿ ಹೊಸೂರಿನಿಂದ ಶುರುವಾದ ಟಿವಿಎಸ್ 50, ಆಮೇಲೆ ಅದರ ವಂಶದ ಎಕ್ಸೆಲ್ ಗಾಡಿಗಳು. ಬೈಕಿನ ಅಂಗಡಿಯವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ ನಮ್ಮ ನಾಲ್ಕು ತಾಲ್ಲೂಕನ್ನು ಹೊತ್ತು ತಿರುಗಿದ್ದು ಇದೇ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೇವಿನ ಹೊರೆ, ಇಳಕಲ್ ಸೀರೆಯ ಗಂಟು, ಭಾಗ್ಯನಗರದ ಕೂದಲು ವ್ಯಾಪಾರ, ಬಳೆ, ಪಾತ್ರೆ... ಎಲ್ಲ ಇದರ ಮೇಲೇ. ಎತ್ತಿನ ಬಂಡಿ ಮಾಡುತ್ತಿದ್ದ ಕೆಲಸವನ್ನು ಇದು ವಹಿಸಿಕೊಂಡಿತು.

ಬಂಡಿಯ ಕೆಲಸದ ಜೊತೆ ಬಂಡಿಯ ಲೆಕ್ಕಾಚಾರವೂ ಬಂತು. ಬಂಡಿಯಲ್ಲಿ ಎಷ್ಟು ಜನ ಕೂರಬಹುದು? ಹಿಡಿಸಿದಷ್ಟು. ಜಾತ್ರೆಗೆ ಹೊರಟ ಬಂಡಿಯಿಂದ ಯಾರನ್ನಾದರೂ ಕೆಳಗಿಳಿಸಿದ್ದುಂಟೇ? ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ, ಹುಲಿಗೆಮ್ಮನ ಹುಣ್ಣಿಮೆಗೆ, ಅಂಜನಾದ್ರಿಗೆ ಹೋಗುವ ಗಾಡಿಗಳನ್ನು ನೋಡಿ. ಟ್ಯಾಂಕಿನ ಮೇಲೆ ಒಂದು ಕೂಸು, ಗಂಡ, ನಡುವೆ ಇನ್ನೊಂದು ಕೂಸು, ಹೆಂಡತಿ, ಆಕೆಯ ತೊಡೆಯ ಮೇಲೆ ಬುತ್ತಿಯ ಗಂಟು. ಇದು ಸೊಕ್ಕಲ್ಲ, ಬಡತನ ಮತ್ತು ಪ್ರೀತಿ ಎರಡೂ ಸೇರಿದ ಲೆಕ್ಕ. 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಮು ಸವಾರನ ಜೊತೆ ಒಬ್ಬರು ಮಾತ್ರ ಅನ್ನುತ್ತದೆ. ಮಕ್ಕಳ ವಿಷಯದಲ್ಲಿ 2023ರ ಫೆಬ್ರುವರಿಯಿಂದ ಇನ್ನೂ ಒಂದು ನಿಯಮ ಸೇರಿದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಅಳತೆಯ ಹೆಲ್ಮೆಟ್, ಸವಾರನಿಗೆ ಕಟ್ಟಿಕೊಳ್ಳುವ ಪಟ್ಟಿ, ವೇಗ 40 ದಾಟಬಾರದು. ಬಂಡಿ ಮಗುಚಿದರೆ ಮೈಕೈ ತರಚುತ್ತಿತ್ತು. ಈ ಬಂಡಿ ಹತ್ತು ಪಟ್ಟು ವೇಗದ್ದು. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹತ್ತು ಪಟ್ಟಾದರೆ ಎಷ್ಟು ಅಂತ ನೀವೇ ಗುಣಿಸಿ.

ಹಿಂದೆ ಕೂತವರ ಚರಿತ್ರೆ

ಬೈಕಿನ ಚರಿತ್ರೆ ಬರೆಯುವವರೆಲ್ಲ ಓಡಿಸಿದವರ ಬಗ್ಗೆಯೇ ಬರೆಯುತ್ತಾರೆ. ಹಿಂದೆ ಕೂತವರ ಬಗ್ಗೆ ಯಾರೂ ಬರೆಯುವುದಿಲ್ಲ. ನಮ್ಮ ಕಡೆ ಹಿಂದೆ ಕೂತವರು ಅಂದರೆ ಬಹುಪಾಲು ಅವ್ವಂದಿರು, ಅಕ್ಕಂದಿರು. ಸೀರೆ ಉಟ್ಟು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಇವರಿಗಾಗಿಯೇ ಇದೆ. ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಗಾಲಿಯ ಅರ್ಧ ಭಾಗಕ್ಕಾದರೂ ಮರೆ. ನಾವು ಸಾರಿ ಗಾರ್ಡ್ ಅನ್ನುತ್ತೇವಲ್ಲ, ಅದು. ಹೊಸ ಗಾಡಿ ತಂದ ವಾರದಲ್ಲೇ 'ಲುಕ್' ಕೆಡುತ್ತದೆ ಅಂತ ಬಿಚ್ಚಿ ಅಟ್ಟಕ್ಕೆ ಎಸೆಯುವ ಹುಡುಗರಿಗೆ ಹೇಳುತ್ತಿದ್ದೇನೆ, ಅದು ನಿನ್ನ ಗಾಡಿಯ ಅಲಂಕಾರ ಅಲ್ಲಪ್ಪಾ, ನಿಮ್ಮ ಅವ್ವನ ಜೀವ.

ನನ್ನ ಚಿಕ್ಕಮ್ಮ ಹೋದದ್ದು ಬೈಕಿನ ಹಿಂದಿನ ಸೀಟಿನಿಂದಲೇ. ಹುಣ್ಣಿಮೆಗೆ ಹುಲಿಗಿಗೆ ಹೋಗಿ ಬರುತ್ತಿದ್ದರು. ರಾತ್ರಿ ಎಲ್ಲ ನಿದ್ದೆ ಇರಲಿಲ್ಲ. ಒಂದು ಹಳ್ಳಿಯ ಮುಂದೆ ಬಣ್ಣ ಬಳಿಯದ ಒಂದು ಹಂಪು. ಗಾಡಿ ಜೋರಾಗೇನೂ ಇರಲಿಲ್ಲ. ಮಗನಿಗೆ ಒಂದು ಕುಲುಕು ಅನ್ನಿಸಿತಷ್ಟೇ. ತಿರುಗಿ ನೋಡಿದರೆ ಅವ್ವ ಇಲ್ಲ. ಮೈಮೇಲೆ ಒಂದು ಗಾಯ ಇರಲಿಲ್ಲ, ತಲೆಯ ಹಿಂಭಾಗಕ್ಕೆ ಪೆಟ್ಟಾಗಿತ್ತು. ಆಗ ಕೊಪ್ಪಳದಲ್ಲಿ ಮೆಡಿಕಲ್ ಕಾಲೇಜು ಇರಲಿಲ್ಲ, ಅದು ಬಂದದ್ದು 2015ರಲ್ಲಿ. ಹುಬ್ಬಳ್ಳಿಗೆ ಒಯ್ದರು. ಮೂರನೇ ದಿನ ತೀರಿಕೊಂಡರು. ಓಡಿಸುತ್ತಿದ್ದ ತಮ್ಮನ ತಲೆಯ ಮೇಲೆ ಹೆಲ್ಮೆಟ್ ಇತ್ತು. ಹಿಂದೆ ಕೂತವರಿಗೂ ಬೇಕು ಅನ್ನುವುದು ಆಗ ನಮ್ಮ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಕಾನೂನಿಗೆ ಮಾತ್ರ ಹೊಳೆದಿತ್ತು. 1988ರ ಕಾಯ್ದೆಯ 129ನೇ ಕಲಮು ಓಡಿಸುವವರು ಮತ್ತು ಕೂತು ಹೋಗುವವರು ಇಬ್ಬರಿಗೂ ಶಿರಸ್ತ್ರಾಣ ಬೇಕು ಅಂತಲೇ ಇತ್ತು. ನಮ್ಮ ರಾಜ್ಯದಲ್ಲಿ ಹಿಂದಿನವರಿಗೂ ಕಡ್ಡಾಯ ಅಂತ ಜಾರಿಗೆ ತಂದದ್ದು 2016ರ ಜನವರಿಯಲ್ಲಿ. ನಡುವೆ ಎಷ್ಟು ವರ್ಷ ಅಂತ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಕೇಂದ್ರ ರಸ್ತೆ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲೂ 14,337 ಮಂದಿ ಓಡಿಸುತ್ತಿದ್ದವರಲ್ಲ, ಹಿಂದೆ ಕೂತಿದ್ದವರು.

ಟೊಪ್ಪಿಗೆ ಬಂದದ್ದು ಎಲ್ಲಿಂದ?

ಈ ಹೆಲ್ಮೆಟ್ಟಿನ ಹಿಂದೆಯೂ ಒಂದು ಸಾವಿನ ಕಥೆ ಇದೆ. 'ಲಾರೆನ್ಸ್ ಆಫ್ ಅರೇಬಿಯಾ' ಸಿನಿಮಾ ನೋಡಿರುತ್ತೀರಿ. ಆ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿ ರಸ್ತೆಯೊಂದರಲ್ಲಿ ಸೈಕಲ್ಲಿನ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದ. ಆರು ದಿನ ಪ್ರಜ್ಞೆ ಬರಲಿಲ್ಲ, ಸತ್ತ. ಮರುಭೂಮಿಯ ಯುದ್ಧ ಗೆದ್ದು ಬಂದವನು ತನ್ನ ಮನೆಯ ಹತ್ತಿರದ ರಸ್ತೆಯಲ್ಲಿ ಹೋದ. ಆಗ ಕರೆಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕರೂ ಇದ್ದರು. ಅವರು ಆಮೇಲೆ ಸೈನ್ಯದ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಉಪಯೋಗದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬ್ರಿಟಿಷ್ ಸೈನ್ಯ ಆ ವರ್ಷವೇ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಜನಸಾಮಾನ್ಯರಿಗೆ ಅಲ್ಲಿ ಕಡ್ಡಾಯವಾದದ್ದು 1973ರಲ್ಲಿ. ಅಂದರೆ ತಡ ಮಾಡುವುದರಲ್ಲಿ ನಾವೊಬ್ಬರೇ ಅಲ್ಲ.

2008ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ 61 ಅಧ್ಯಯನಗಳನ್ನು ಒಟ್ಟಿಗೆ ನೋಡಿ ಲೆಕ್ಕ ಹೇಳಿತು: ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಹೆಲ್ಮೆಟ್ಟಿನಿಂದ ಸಾವಿನ ಸಂಭವ 42%, ತಲೆಪೆಟ್ಟಿನ ಸಂಭವ 69% ಕಡಿಮೆ. ಇದು ಹಾಕಿಕೊಂಡವರ ಲೆಕ್ಕ. ಮೊಣಕೈಗೆ, ಟ್ಯಾಂಕಿನ ಮೇಲೆ ಇಟ್ಟುಕೊಂಡವರದ್ದಲ್ಲ. ಪಟ್ಟಿ ಬಿಗಿಯದಿದ್ದರೆ ಬಿದ್ದಾಗ ನಿಮಗಿಂತ ಮೊದಲು ಹೆಲ್ಮೆಟ್ಟೇ ಹಾರಿ ಹೋಗುತ್ತದೆ. ಕಾಯ್ದೆ ಕೂಡ ಪಟ್ಟಿ ಬಿಗಿದದ್ದನ್ನೇ ಹಾಕಿಕೊಂಡದ್ದು ಅಂತ ಎಣಿಸುತ್ತದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ದಂಡದ ಭಯಕ್ಕೆ ಕೊಂಡ ಬುಟ್ಟಿಯಂಥ ಟೊಪ್ಪಿಗೆ ದಂಡವನ್ನು ಉಳಿಸಬಹುದು, ತಲೆಯನ್ನಲ್ಲ. ಬಿಸಿಲಿಗೆ ಸೆಕೆ ಅಂತೀರಾ? ನಿಜ. ನಮ್ಮ ಏಪ್ರಿಲ್ ಬಿಸಿಲು ನನಗೂ ಗೊತ್ತು. ಹಳಬರು ಅದೇ ಬಿಸಿಲಿಗೆ ಇಷ್ಟು ದಪ್ಪದ ರುಮಾಲು ಸುತ್ತುತ್ತಿರಲಿಲ್ಲವೇ? ಒಳಗೆ ಒಂದು ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ತಡೆಯುತ್ತದೆ.

ದೊಡ್ಡ ರಸ್ತೆ ಬಂತು

ಈಗ ಕೊನೆಯ ಅಧ್ಯಾಯ. ಕುಷ್ಟಗಿಯನ್ನು ದಾಟಿ ಹೋಗುವ ಸೊಲ್ಲಾಪುರ–ಮಂಗಳೂರು ಹೆದ್ದಾರಿಯನ್ನು ನಾವು ಹದಿಮೂರು ನಂಬರ್ ರೋಡು ಅಂತಿದ್ದೆವು. ನಮ್ಮ ಕಡೆ ಈಗ ಅದರ ನಂಬರ್ 50. ಗದಗ–ಕೊಪ್ಪಳ–ಹೊಸಪೇಟೆಯ 63 ಈಗ 67. 2010ರ ದಶಕದಲ್ಲಿ ಕುಷ್ಟಗಿಯ ರಸ್ತೆ ಚತುಷ್ಪಥವಾಯಿತು. ನಡುವೆ ಡಿವೈಡರ್ ಬಂತು.

ಮೊದಲು ಹೊಲದಿಂದ ಹತ್ತಿ ಬಂದವನು ಎಡಬಲ ನೋಡಿ ಆಚೆ ದಾಟಿ ಹೋಗುತ್ತಿದ್ದ. ಈಗ ಆಚೆಗೆ ಹೋಗಬೇಕಾದರೆ ಡಿವೈಡರಿನ ಬಾಯಿ ಸಿಗುವವರೆಗೆ ಹೋಗಿ ತಿರುಗಿ ಬರಬೇಕು. "ಇಲ್ಲೇ ಅಲ್ರಿ ನಮ್ಮ ಹೊಲ, ಅದಕ್ಯಾಕ ಅಷ್ಟು ದೂರ ಸುತ್ತೋದು" ಅಂತ ರಾಂಗ್ ಸೈಡಿನಲ್ಲೇ ಹೊರಡುತ್ತಾನೆ. ಇದೂ ಹಳೆಯ ರಸ್ತೆಯ ಬುದ್ಧಿಯೇ. ಆದರೆ ಆ ಕಡೆಯಿಂದ ಬರುವ ಕಾರಿನವನಿಗೆ ಇವನು ಎದುರಿಗೆ ಬರಬಹುದು ಅನ್ನುವ ಕಲ್ಪನೆಯೇ ಇರುವುದಿಲ್ಲ. ಇಬ್ಬರ ವೇಗವೂ ಕೂಡಿ ಪೆಟ್ಟಾಗುತ್ತದೆ.

ರಾತ್ರಿಯದ್ದು ಇನ್ನೊಂದು ಗಂಡಾಂತರ. ಗಂಗಾವತಿ, ಕಾರಟಗಿ ಕಡೆ ಭತ್ತದ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳು ಹಿಂದೆ ಒಂದು ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ಹೋಗುತ್ತವೆ. ಹುಲ್ಲಿನ ಹೊರೆ ಇದ್ದ ದೀಪವನ್ನೂ ಮುಚ್ಚಿರುತ್ತದೆ. ಎದುರಿನ ಬೆಳಕು ಕಣ್ಣಿಗೆ ಹೊಡೆಯುವಾಗ ಮುಂದೆ ಖಾಲಿ ಇದೆ ಅಂತ ನಂಬಬೇಡಿ, ಟ್ರ್ಯಾಕ್ಟರ್ ಇದೆ ಅಂತಲೇ ತಿಳಿದು ವೇಗ ಇಳಿಸಿ. ಯಲಬುರ್ಗಾದ ಎರೆ ಸೀಮೆಯಲ್ಲಿ ಮಳೆಯಾದ ಮಾರನೇ ದಿನ ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಮಣ್ಣು ಡಾಂಬರಿನ ಮೇಲೆ ಬೆಣ್ಣೆಯ ಹಾಗೆ ಕೂತಿರುತ್ತದೆ. ಅಲ್ಲಿ ಬ್ರೇಕು, ತಿರುವು ಎರಡೂ ಮೆಲ್ಲಗೆ. ರಸ್ತೆ ಮೇಲೆ ಒಕ್ಕಣೆ ಹಾಕಿದ್ದರೆ ಅದರ ಮೇಲೆ ಹಾಯುವುದು ಬೇಡ, ಸುತ್ತು ಹಾಕಿ. ಅಂಚಿಗೆ ಇಟ್ಟ ಕಲ್ಲುಗಳು ಕತ್ತಲಲ್ಲಿ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಅಪಘಾತ ಆಗಬಹುದು. ಬಿದ್ದವರನ್ನು ಎತ್ತಲು ನಮ್ಮ ಜನ ಹೆದರುತ್ತಿದ್ದದ್ದು ಪೊಲೀಸು, ಕೋರ್ಟು ಅಂತ. ಅದಕ್ಕೂ ಒಂದು ಕಾಲ ಇತ್ತು, ಈಗ ಅದೂ ಬದಲಾಗಿದೆ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಇದೆ. ಸಹಾಯ ಮಾಡಿದವರನ್ನು ಪೀಡಿಸಬಾರದು ಅಂತ ಕರ್ನಾಟಕ ತನ್ನದೇ ಕಾನೂನು ಮಾಡಿಕೊಂಡಿದೆ. 2019ರ ತಿದ್ದುಪಡಿಯಿಂದ ಕೇಂದ್ರದ ಕಾಯ್ದೆಯಲ್ಲೂ ಆ ರಕ್ಷಣೆ ಸೇರಿದೆ. ವಿಡಿಯೋ ತೆಗೆಯುವ ಫೋನಿನಿಂದಲೇ ಮೊದಲು 108 ಒತ್ತಿ. ತಲೆಗೆ ಪೆಟ್ಟಾದವರಿಗೆ ನೀರು ಕುಡಿಸಬೇಡಿ, ಕೂರಿಸಲು ಎಳೆದಾಡಬೇಡಿ.

ಒಂದು ಮಾತು

ನಮ್ಮ ಕಡೆ ಎಲ್ಲಿಗೆ ಹೊಂಟಿ ಅಂದರೆ "ಇಲ್ಲೇ" ಅನ್ನುತ್ತೇವೆ. ನಡೆದು ಹೋಗುವ ಕಾಲದಲ್ಲಿ 'ಇಲ್ಲೇ' ಅಂದರೆ ಪಕ್ಕದ ಓಣಿ. ಬಂಡಿಯ ಕಾಲದಲ್ಲಿ ಪಕ್ಕದ ಊರು. ಈಗ ಯಲಬುರ್ಗಾದವನಿಗೆ ಕೊಪ್ಪಳ ಇಲ್ಲೇ, ಗಂಗಾವತಿಯವನಿಗೆ ಹೊಸಪೇಟೆ ಇಲ್ಲೇ. ದೂರ ಬೆಳೆಯಿತು, ವೇಗ ಬೆಳೆಯಿತು, ಪದ ಮಾತ್ರ ಅಷ್ಟೇ ಚಿಕ್ಕದಾಗಿ ಉಳಿಯಿತು. ಹೆಲ್ಮೆಟ್ಟನ್ನು ಗೂಟಕ್ಕೆ ತೂಗು ಹಾಕಿಸುವ ಪದ ಇದೇ. ಲೈಸೆನ್ಸ್ ಇಲ್ಲದ ಹದಿನೈದರ ಹುಡುಗನ ಕೈಗೆ ಕೀಲಿ ಕೊಡಿಸುವ ಪದವೂ ಇದೇ. ಅಂದಹಾಗೆ 2019ರ ತಿದ್ದುಪಡಿಯ ಪ್ರಕಾರ ಹಾಗೆ ಕೀಲಿ ಕೊಟ್ಟ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಹೊಸಬರಿಗೆ ಗಾಡಿ ಕಲಿಸುವ ಅಣ್ಣಂದಿರೇ, ಕಾಕಂದಿರೇ, ನಿಮ್ಮಲ್ಲಿ ಒಂದು ಕೇಳಿಕೆ. ನಿಮಗೆ ಕಲಿಸಿದವರು ಹೇಳಿದ್ದನ್ನೆಲ್ಲ ಹಾಗೇ ದಾಟಿಸಬೇಡಿ. ಅದು ಯಾವ ಗಾಡಿಯ ಕಾಲದ್ದು, ಯಾವ ರಸ್ತೆಯ ಕಾಲದ್ದು ಅಂತ ಒಂದು ಸಲ ಕೇಳಿಕೊಳ್ಳಿ. ನಿಮ್ಮ ಊರ ಕಡೆಯೂ ಇಂಥ ಹಳೆಯ ಚಾಳಿಗಳು, ಅವುಗಳ ಹಿಂದಿನ ಕಥೆಗಳು ಇದ್ದೇ ಇರುತ್ತವೆ. ಮಲೆನಾಡಿನ ಘಟ್ಟದವರು, ಕರಾವಳಿಯವರು, ಬೆಂಗಳೂರಿನ ಟ್ರಾಫಿಕ್ಕಿನವರು ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ? ಬರೆಯಿರಿ, ಓದಲು ಕಾಯುತ್ತಿರುತ್ತೇನೆ.